ಐದನೇ ನಂಬರಿನ ರಿಮೋಟು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಯಾರ ಮನೆಯ ಟಿ.ವಿ. ಕೆಟ್ಟರೂ ಅದು ಕೊನೆಗೆ ಬಂದು ಕೂರುತ್ತಿದ್ದದ್ದು ಚೂಡಾಮಣಿಯ ಮೇಜಿನ ಮೇಲೆ. ಅಂಗಡಿಗೆ ಬೋರ್ಡು ಇತ್ತು, ಬೋರ್ಡಿನಲ್ಲಿ ಹೆಸರೂ ಇತ್ತು, ಆದರೆ ಜನ ಹೇಳುತ್ತಿದ್ದದ್ದು 'ಮೇಷ್ಟ್ರ ಮಗಳ ಅಂಗಡಿ' ಎಂದೇ. ಮೇಷ್ಟ್ರು ಎಂದರೆ ಪಟ್ಟಾಭಿರಾಮ, ಸಂಗೀತಗಾರರ ಊರೆನಿಸಿದ ರುದ್ರಪಟ್ಟಣದವರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮಗಳಿಗೂ ಸಂಗೀತ ಕಲಿಸಿದರು. ಕಂಠ ಅವಳ ಮಾತು ಕೇಳಲಿಲ್ಲ, ಕಿವಿ ಮಾತ್ರ ಕೇಳಿತು. ಆ ಕಿವಿಯನ್ನು ಹೊತ್ತುಕೊಂಡು ಅವಳು ಹಾಸನಕ್ಕೆ ಹೋಗಿ, ಐವತ್ತು ಹುಡುಗರ ನಡುವೆ ಇಬ್ಬರೇ ಹುಡುಗಿಯರಿದ್ದ ಕ್ಲಾಸಿನಲ್ಲಿ ಕೂತು, ತೊಂಬತ್ತೆರಡರಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಳು.

ಕೆಟ್ಟ ಸೆಟ್ಟು ಬಂದರೆ ಬೇರೆ ರಿಪೇರಿಯವರು ಮೊದಲು ಮೀಟರ್ ಹಿಡಿಯುತ್ತಾರೆ, ಇವಳು ಸ್ವಿಚ್ ಹಾಕಿ ಕಣ್ಣು ಮುಚ್ಚುತ್ತಿದ್ದಳು. ಹಿಂಬದಿಯ ಟ್ರಾನ್ಸ್‌ಫಾರ್ಮರಿನಿಂದ ಬರುವ ಸೂಜಿಯಂಥ ಸಿಳ್ಳು ಒಂದು ಕೂದಲೆಳೆ ಇಳಿದಿದ್ದರೂ ಯಾವ ಕೆಪಾಸಿಟರ್ ಸತ್ತಿದೆ ಎಂದು ಹೇಳಿಬಿಡುತ್ತಿದ್ದಳು.

ಬೋರ್ಡಿನ ಎಲ್ಲಾ ಭಾಗಗಳಲ್ಲಿ ಅವಳಿಗೆ ಅತಿ ಪ್ರೀತಿಯದ್ದು ಮೂಲೆಯಲ್ಲಿ ಕೂರುವ, ಐದು ಕಾಲಿನ, ಹುಣಸೆ ಬೀಜದಷ್ಟಿರುವ ಒಂದು ತಗಡಿನ ಡಬ್ಬಿ. ರಿಪೇರಿಯವರ ಬಾಯಲ್ಲಿ ಅದು ಸಾ ಫಿಲ್ಟರ್, ಇಂಗ್ಲಿಷಿನ ಮೂರಕ್ಷರದ ಹೆಸರು, ಬೇಕಾದ ಶ್ರುತಿಯನ್ನಷ್ಟೇ ಒಳಕ್ಕೆ ಬಿಡುವ ಜರಡಿ. ಹೆಸರು ಕೇಳಿ ಪಟ್ಟಾಭಿರಾಮ, "ಬರೀ ಸಾ ಒಂದೇನಾ, ರಿ ಗ ಮ ಯಾವ ಅಂಗಡೀಲಿ ಸಿಗತ್ತೆ?" ಎಂದು ಛೇಡಿಸಿದ್ದರು. ಒಂದು ದಿನ ಅವಳು ಕೆಟ್ಟ ಡಬ್ಬಿಯೊಂದರ ಮುಚ್ಚಳವನ್ನು ಅರದಿಂದ ಉಜ್ಜಿ ತೆಗೆದು ಭೂತಗನ್ನಡಿ ಹಿಡಿದು ನೋಡಿದಳು. ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಹರಳಿನ ಚೂರು, ಅದರ ಮೇಲೆ ಎದುರುಬದುರಾಗಿ ಎರಡು ಬಾಚಣಿಗೆಗಳು. ಬಾಚಣಿಗೆಯ ಹಲ್ಲುಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಒಂದು ಬಾಚಣಿಗೆಗೆ ಕರೆಂಟು ಕೊಟ್ಟರೆ ಹರಳಿನ ಮೈ ನಡುಗುತ್ತದೆ, ನಡುಕ ಅಲೆಯಾಗುತ್ತದೆ, ಆ ಅಲೆ ಹರಳಿನ ಒಳಕ್ಕೆ ಇಳಿಯದೆ ಗೊರೂರು ಡ್ಯಾಮಿನ ನೀರಿನ ಮೇಲೆ ಗಾಳಿ ಓಡಿದ ಹಾಗೆ ಬರೀ ಚರ್ಮದ ಮೇಲೇ ಓಡಿ, ಆಚೆ ಬಾಚಣಿಗೆಯನ್ನು ಮುಟ್ಟಿ ಮತ್ತೆ ಕರೆಂಟಾಗುತ್ತದೆ. ಹಲ್ಲುಗಳ ನಡುವಿನ ಜಾಗ ಎಷ್ಟೋ ಅದಕ್ಕೆ ಸರಿಯಾದ ಒಂದೇ ಶ್ರುತಿ. ಕಲ್ಲಿನೊಳಗೆ ಒಂದು ಸ್ವರವನ್ನು ಕಟ್ಟಿಹಾಕಿಟ್ಟಿದ್ದಾರೆ ಎಂಬ ಬೆರಗಿಗೆ ಅವಳಿಗೆ ಅವತ್ತು ಊಟವೂ ಬೇಡವಾಯಿತು.

ಎರಡು ಸಾವಿರದ ಎರಡರಲ್ಲಿ ಬೆಂಗಳೂರಿಗೆ ಸಾಮಾನು ತರಲು ಹೋದಾಗ ಅದೇ ಜಾತಿಯ ಮೂರು ಕಾಲಿನ ಡಬ್ಬಿ ಸಿಕ್ಕಿತು. ಕಾರಿನ ಬಾಗಿಲು ತೆಗೆಯುವ ರಿಮೋಟಿನಲ್ಲಿ ಇರುವಂಥದ್ದು. ಸೆಕೆಂಡಿಗೆ ನಲವತ್ತಮೂರು ಕೋಟಿ ಚಿಲ್ಲರೆ ಸಲ ನಡುಗುತ್ತದೆ. ಅದನ್ನಿಟ್ಟುಕೊಂಡು ಅವಳು ಪಂಪ್‌ಸೆಟ್ಟಿಗೆ ರಿಮೋಟು ಮಾಡಿದಳು. ತೋಟದ ಈ ತುದಿಯಲ್ಲಿ ನಿಂತು ಒತ್ತಿದರೆ ಆ ತುದಿಯ ಮೋಟರು ಸ್ಟಾರ್ಟ್ ಆಗಬೇಕು, ಹಾವು ಚೇಳು ತುಳಿದುಕೊಂಡು ಶೆಡ್ಡಿಗೆ ಹೋಗುವ ಕೆಲಸ ತಪ್ಪಬೇಕು.

ಆದರೆ ಎಲ್ಲಾ ಡಬ್ಬಿಯದ್ದೂ ಒಂದೇ ಶ್ರುತಿ. ಒಬ್ಬರ ರಿಮೋಟಿಗೆ ಇನ್ನೊಬ್ಬರ ಮೋಟರು ಓಗೊಡಬಾರದಲ್ಲ. ಇದಕ್ಕೆ ಕಾರಿನ ಕಂಪನಿಯವರು ಮಾಡುವ ಉಪಾಯ ಅವಳಿಗೆ ಗೊತ್ತಿತ್ತು. ರಿಮೋಟಿನ ಒಂದು ಚಿಪ್‌ನಲ್ಲಿ ಎಂಟು ಕಾಲುಗಳಿರುತ್ತವೆ, ಯಾವುದನ್ನು ಬೆಸುಗೆ ಹಾಕುತ್ತೇವೆ ಯಾವುದನ್ನು ಬಿಡುತ್ತೇವೆ ಎಂಬುದರ ಮೇಲೆ ಪ್ರತಿ ಸೆಟ್ಟಿಗೂ ಬೇರೆ ಬೇರೆ ನಂಬರು. ಅದು ಅವಳಿಗೆ ಸಪ್ಪೆ ಎನಿಸಿತು. ಆ ಹೊತ್ತಿಗೆ ಒಳಮನೆಯಲ್ಲಿ ಪಟ್ಟಾಭಿರಾಮ ತಂಬೂರಿ ಕೂಡಿಸುತ್ತಿದ್ದರು. ಬಿರಡೆ ತಿರುಗಿಸಿದ ಮೇಲೂ ಉಳಿದ ಕೂದಲೆಳೆಯ ವ್ಯತ್ಯಾಸವನ್ನು ತಂತಿಯ ಬುಡದ ಮಣಿ ಸರಿಸಿ ಸರಿಮಾಡುತ್ತಿದ್ದರು. ಚೂಡಾಮಣಿ ನೋಡುತ್ತ ನಿಂತಳು. ಹರಳಿನ ಡಬ್ಬಿಗೂ ಒಂದು ಮಣಿ ಬೇಕು. ವೋಲ್ಟೇಜಿಗೆ ತಕ್ಕಂತೆ ತನ್ನ ಗುಣ ಬದಲಿಸುವ ಒಂದು ಡಯೋಡನ್ನು ಡಬ್ಬಿಯ ಪಕ್ಕ ಕೂರಿಸಿ, ಸಣ್ಣ ಸ್ಕ್ರೂ ತಿರುಗಿಸಿ ವೋಲ್ಟೇಜು ಏರಿಸಿದಳು, ಇಳಿಸಿದಳು. ಕಲ್ಲಿನ ಸ್ವರ ಎಳೆದಂತೆ ಬಂತು, ಕೋಟಿಗಳಲ್ಲಿ ಬರೀ ಕೆಲವು ಸಾವಿರದಷ್ಟು, ಆದರೂ ಬಂತು. ಪ್ರತಿ ಸೆಟ್ಟಿಗೂ ಒಂದೊಂದು ಶ್ರುತಿ. ಎಂಟು ಕಾಲುಗಳನ್ನು ಎಲ್ಲಾ ಸೆಟ್ಟುಗಳಲ್ಲೂ ಹಾಗೇ ಬಿಟ್ಟಳು.

"ಅಣ್ಣ, ಕಿವಿ ಇಲ್ಲದೋರು ನಂಬರು ಹಾಕ್ಕೋತಾರೆ," ಎಂದಳು. ತಂದೆಯನ್ನು ಅವಳು ಅಣ್ಣ ಎಂದೇ ಕರೆಯುವುದು. "ನಮಗ್ಯಾಕೆ ಅದು?"

ಪಟ್ಟಾಭಿರಾಮ ಬೀದಿಯ ಕೊನೆಗೆ ಹೋಗಿ ನಿಂತು ಒಂದನೇ ನಂಬರಿನ ರಿಮೋಟು ಒತ್ತಿದರು, ಅಂಗಡಿಯ ಮೇಜಿನ ಮೇಲಿದ್ದ ಒಂದನೆಯ ರಿಸೀವರಿನ ಡಬ್ಬವೇ ಟಕ್ ಎಂದಿತು. ಎರಡು ಒತ್ತಿದರು, ಎರಡನೆಯದೇ ಎಂದಿತು. ಅವತ್ತು ಅಪ್ಪ ಮಗಳು ಪಾಯಸ ಮಾಡಿಕೊಂಡು ಉಂಡರು.

ಒಂದೂವರೆ ವರ್ಷದಲ್ಲಿ ಆರು ಸೆಟ್ಟು ಹೋದವು. ಅರಕಲಗೂಡಿಗೆ ಎರಡು, ಗೊರೂರಿಗೆ ಒಂದು, ಊರಲ್ಲೇ ಒಂದು. ಮೂರನೇ ನಂಬರು ಹೋದದ್ದು ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗುವ ರಸ್ತೆಯಲ್ಲಿ ತೆಂಗಿನ ತೋಟವಿದ್ದ ಈಶ್ವರಯ್ಯನವರಿಗೆ. ಐದನೆಯದನ್ನು ಕೊಂಡವನು ಹಾಸನದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ರಜನೀಶ್. ಮನೆಯ ಸಂಪಿನ ಮೋಟರಿಗೆ ಎಂದು ಹೇಳಿ ಒಯ್ದಿದ್ದ.

ಎರಡು ಸಾವಿರದ ನಾಲ್ಕರ ಮಾರ್ಚಿನ ಒಂದು ಮಂಗಳವಾರ ಅಂಗಡಿಯ ಫೋನು ಬಡಿದುಕೊಂಡಿತು.

"ಏನವ್ವ ಚೂಡಾಮಣಿ, ನಾನು ಕಣವ್ವ ಈಶ್ವರಯ್ಯ. ಪಂಪು ನೀರೇ ಎತ್ತುತಿಲ್ಲ, ಕಪ್ಲಿಂಗು ಸವೆದೋಗೈತಂತೆ. ಶುಕ್ರವಾರದವರ್ಗೆ ತೋಟದ ಕಡೆ ಯಾರೂ ಹೋಗಾಕಿಲ್ಲ, ಅವತ್ತು ಮೆಕ್ಯಾನಿಕ್ಕು ಪಾಲಾಕ್ಷನ್ನ ಬಾವಿಗಿಳಿಸ್ತಾ ಇವ್ನಿ."

"ಇಳಿಸಿ, ಅದಕ್ಕೇನಂತೆ."

"ಅದಲ್ಲ. ಫ್ಯೂಜು ಕೀಳ್ಬೇಕೋ ಬ್ಯಾಡ್ವೋ ಅಂತ ಕೇಳಾನ ಅಂತ ಮಾಡ್ದೆ. ನೀನು ಏನೇನೋ ವೈರು ಎಳ್ದಿದ್ದೀಯ, ಮುಟ್ಟಕ್ಕೆ ಭಯ."

ಆ ಕಡೆಯ ಬಾವಿಗಳಲ್ಲಿ ನೀರು ಇಳಿದಂತೆ ಪಂಪನ್ನೂ ಇಳಿಸಿ, ಒಳಗೋಡೆಯ ಕಟ್ಟೆಯ ಮೇಲೆ ಕೂರಿಸಿರುತ್ತಾರೆ. ರಿಪೇರಿಗೆ ಇಳಿಯುವವನು ಮೊದಲು ಶೆಡ್ಡಿಗೆ ಹೋಗಿ, ಸ್ಟಾರ್ಟರಿನ ಮೇಲಿನ ಮೂರು ಪಿಂಗಾಣಿ ಫ್ಯೂಜುಗಳನ್ನು ತನ್ನ ಕೈಯಾರೆ ಕಿತ್ತು, ಟವಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡೇ ಇಳಿಯುವುದು. ಮೇಲೆ ಒಡಹುಟ್ಟಿದವನೇ ನಿಂತಿದ್ದರೂ ಅವನ ಕೈಗೆ ಕೊಡುವುದಿಲ್ಲ. ಕರೆಂಟು ಯಾವಾಗ ಬರುತ್ತದೋ, ಯಾರು ಹೋಗಿ ಬಟನ್ ಒತ್ತುತ್ತಾರೋ.

"ರಿಮೋಟು ಎಲ್ಲಿದೆ ಈಶ್ವರಯ್ಯನೋರೆ?" ಎಂದು ಚೂಡಾಮಣಿ ಕೇಳಿದಳು.

"ನನ್ನ ಜೇಬಲ್ಲೇ ಐತೆ."

"ಮತ್ತಿನ್ನೇನು. ಅದು ನಿಮ್ಮ ಜೇಬಲ್ಲಿದ್ರೆ ಮೋಟರೇ ನಿಮ್ಮ ಜೇಬಲ್ಲಿದ್ದ ಹಾಗೆ. ಫ್ಯೂಜು ಗೀಜು ಏನೂ ಕೀಳೋದು ಬೇಡ."

ಈಶ್ವರಯ್ಯ ನಕ್ಕರು. "ಸರಿ ಬುಡು. ಈ ವಾರ ಕರೆಂಟು ಸಾಯಂಕಾಲ ನಾಲ್ಕರಿಂದ. ಅಷ್ಟೊತ್ಗೆ ಮುಗಿದ್ರೂ ಮುಗೀತದೆ, ಇಲ್ದಿದ್ರೂ ನಿನ್ನ ರಿಮೋಟೈತೆ."

ಶುಕ್ರವಾರ ಮಧ್ಯಾಹ್ನ ಏಳು ಮತ್ತು ಎಂಟನೇ ನಂಬರಿನ ಹೊಸ ಸೆಟ್ಟುಗಳು ಮೇಜಿನ ಮೇಲಿದ್ದವು. ಅರಕಲಗೂಡಿನವರು ಎಂಟನೆಯದನ್ನು ಒಯ್ಯಲು ಸಂಜೆ ಬರುವವರಿದ್ದರು. ಅವಳು ಟೆಸ್ಟಿಗೆಂದೇ ಎರಡು ವರ್ಷದಿಂದ ಒಂದು ಹಳೇ ಸೆಲ್ಲು ಇಟ್ಟುಕೊಂಡಿದ್ದಳು, ಕಿರುಬೆರಳಿನ ಅರ್ಧದಷ್ಟಿರುವುದು. ಎಲ್ಲಾ ರಿಮೋಟನ್ನೂ ಅದನ್ನೇ ಹಾಕಿ ನೋಡಿ, ಕೊಡುವ ಹೊತ್ತಿಗೆ ಮಾತ್ರ ಹೊಸದು ಹಾಕುತ್ತಿದ್ದಳು. ಅವತ್ತು ಆತುರಕ್ಕೆ ಎಂಟರ ರಿಮೋಟಿಗೆ ಹೊಸ ಸೆಲ್ಲನ್ನೇ ಹಾಕಿ ಅಪ್ಪನ ಕೈಗೆ ಕೊಟ್ಟಳು. ಪಟ್ಟಾಭಿರಾಮ ಕೊಡೆ ಬಿಡಿಸಿಕೊಂಡು ಬಿಸಿಲಲ್ಲಿ ಬೀದಿಯ ಕೊನೆಗೆ ನಡೆದರು. ಕೊಡೆ ಒಮ್ಮೆ ಮೇಲೆತ್ತಿದರೆ ಒತ್ತುತ್ತಿದ್ದೇನೆ ಎಂದು ಅರ್ಥ. ಕೊಡೆ ಮೇಲೆದ್ದಿತು.

ಟಕ್.

ಬೇರೆ ಯಾರೇ ಇದ್ದರೂ ಒಂದೇ ಸದ್ದು ಎನ್ನುತ್ತಿದ್ದರು. ಚೂಡಾಮಣಿಯ ಕಿವಿಗೆ ಎರಡು ಕೇಳಿಸಿತು, ಒಂದರ ಬೆನ್ನಿಗೆ ಒಂದು ಅಂಟಿಕೊಂಡಂತೆ. ತಿರುಗಿ ನೋಡಿದಳು. ಎಂಟರ ಕೆಂಪು ದೀಪ ಉರಿಯುತ್ತಿತ್ತು. ಏಳರದ್ದೂ ಉರಿಯುತ್ತಿತ್ತು.

ಎರಡನ್ನೂ ಆರಿಸಿ ಬೀದಿಗೆ ಬಂದು, ಇನ್ನೂ ದೂರ ಹೋಗಿ ಎಂದು ಕೈಬೀಸಿದಳು. ಹತ್ತಿರವಿದ್ದುದಕ್ಕೆ ಹೀಗಾಗಿರಬೇಕು. ಅಪ್ಪ ದೇವಸ್ಥಾನದ ತಿರುವು ದಾಟಿದರು, ಕೊಡೆ ಮೂರು ಅಂಗುಲವಾಗಿ ಕಂಡಿತು, ಎದ್ದಿತು. ಎರಡೂ ಉರಿದವು. ಅಪ್ಪನನ್ನು ಕರೆದು, ರಿಮೋಟಿನ ಸ್ಕ್ರೂವನ್ನು ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿ ಮತ್ತೆ ಕಳಿಸಿದಳು. ಎರಡೂ ಉರಿದವು. ಕೊನೆಗೆ ಹಳೇ ಸೆಲ್ಲು ಹಾಕಿ ಕಳಿಸಿದಳು. ಒಂದೇ ಉರಿಯಿತು.

ಸ್ಟೂಲಿನ ಮೇಲೆ ಕೂತಳು. ತನ್ನ ರಿಸೀವರಿಗೆ ಶ್ರುತಿ ಎಂಬುದೇ ಗೊತ್ತಿರಲಿಲ್ಲ. ಅದು ಅಗ್ಗದ ರಿಸೀವರು, ಅದಕ್ಕೆ ತಿಳಿಯುತ್ತಿದ್ದದ್ದು ಜೋರು ಮತ್ತು ಮೆಲು, ಅಷ್ಟೇ. ಹಳೇ ಸೆಲ್ಲಿನಲ್ಲಿ ರಿಮೋಟು ಪಿಸುಗುಟ್ಟುತ್ತಿತ್ತು, ಪಕ್ಕಾ ಕೂಡಿದ ರಿಸೀವರಿಗೆ ಮಾತ್ರ ಕೇಳುತ್ತಿತ್ತು. ಹೊಸ ಸೆಲ್ಲಿನಲ್ಲಿ ಕೂಗುತ್ತಿತ್ತು, ಎಲ್ಲಕ್ಕೂ ಕೇಳುತ್ತಿತ್ತು. ಯಂತ್ರಕ್ಕೂ ರುದ್ರಪಟ್ಟಣದ ಕಿವಿ ಇದೆ ಎಂದು ಅವಳು ಎರಡು ವರ್ಷ ನಂಬಿಕೊಂಡಿದ್ದಳು. ಹೋದ ಆರು ಸೆಟ್ಟೂ ಒಂದೇ ಸೆಟ್ಟು.

"ಯಾಕೆ ಹೀಗಿದೀಯೆ ಚೂಡಿ?" ಎಂದರು ಪಟ್ಟಾಭಿರಾಮ, ಕೊಡೆ ಮಡಿಸುತ್ತ.

ಹೇಳಿದಳು. ಹೇಳುತ್ತಲೇ ತನಗೆ ತಾನೇ ಸಮಾಧಾನವನ್ನೂ ಮಾಡಿಕೊಂಡಳು. ರಿಮೋಟು ಮುಟ್ಟುವುದು ಒಂದು ಫರ್ಲಾಂಗು, ಹೆಚ್ಚೆಂದರೆ. ಸೆಟ್ಟುಗಳ ನಡುವೆ ಹತ್ತಾರು ಮೈಲಿ. ಆದರೂ ಎಲ್ಲರಿಗೂ ಒಂದು ಫೋನು ಮಾಡಿಬಿಡುವುದು ಒಳ್ಳೆಯದು. ಹಾಸನದ ಗೊಬ್ಬರದ ಅಂಗಡಿಯ ನಂಬರು ಕೈಗೆ ಮೊದಲು ಸಿಕ್ಕಿತು. ಅಲ್ಲಿ ಬಿಲ್ಲು ಬರೆಯುತ್ತಿದ್ದ ನಿಧಿ ಎತ್ತಿದಳು.

"ಅಣ್ಣಾವ್ರು ಇಲ್ಲ ಮೇಡಂ, ತೋಟಕ್ಕೋದ್ರು."

"ಅವ್ರ ಮನೆ ಸಂಪಿಗೆ ನಾನೊಂದು ರಿಮೋಟು ಕೊಟ್ಟಿದ್ದೆನಲ್ಲ, ಅದರ ವಿಷಯ."

"ಅದಾ? ಅದನ್ನ ಮನೆಗೆ ಹಾಕ್ಸಲೇ ಇಲ್ಲ ಮೇಡಂ, ಡಬ್ಬದಲ್ಲೇ ಇತ್ತು. ಬುಧವಾರ ತೋಟದ ಹೊಸ ಬೋರಿಗೆ ಹಾಕ್ಸವ್ರೆ."

"ಎಲ್ಲಿ ತೋಟ?"

"ಚನ್ನರಾಯಪಟ್ಟಣದ್ದು. ಅವ್ರ ದೊಡ್ಡಪ್ಪ ಈಶ್ವರಯ್ಯ ಅಂತ ಅವ್ರಲ್ಲ, ಅವರ್ದು ಬದುವಿನ ಆ ಕಡೆ, ಇವರ್ದು ಈ ಕಡೆ."

ಚೂಡಾಮಣಿ ಪೆನ್ನು ಎಳೆದುಕೊಂಡಳು. "ಮೊಬೈಲ್ ಇದೆಯಲ್ಲ ಅವರ ಹತ್ರ, ನಂಬರು ಹೇಳಿ."

"ಇಲ್ಲೇ ಚಾರ್ಜಿಗೆ ಹಾಕೋಗವ್ರೆ ಮೇಡಂ. ನಾಲ್ಕು ಗಂಟೆಗೆ ಕರೆಂಟು ಬತ್ತದಲ್ಲ, ಬಂದೇಟ್ಗೆ ಬದುವಿನ ಮೇಲೆ ನಿಂತ್ಕೊಂಡು ಒತ್ತೋದೇ ಒಂದು ಖುಷಿ ಅವರ್ಗೆ. ಮಕ್ಕಳಾಟ ಆಡ್ದಂಗೆ. ಮೊನ್ನೆಯಿಂದ ಅದೇ ಕತೆ."

ಗಡಿಯಾರದಲ್ಲಿ ಒಂದು ಮುಕ್ಕಾಲು. ಈಶ್ವರಯ್ಯನವರ ಮನೆಗೆ ಮಾಡಿದಳು. ಫೋನು ಬಡಿದುಕೊಂಡಿತು, ಬಡಿದುಕೊಂಡೇ ಇತ್ತು. ತೋಟ ಮನೆಯಿಂದ ಎರಡು ಮೈಲಿ. ಕೆಲಸದ ದಿನ ಸೊಸೆ ಪ್ರೇಮಕುಮಾರಿ ಊಟದ ಬುತ್ತಿ ಹೊತ್ತು ಅಲ್ಲಿಗೇ ಹೋಗುತ್ತಾಳೆಂಬುದು ನೆನಪಾಯಿತು. ಕರೆಂಟಿನ ಆಫೀಸಿಗೆ ಮಾಡಿದಳು, ಎಂಗೇಜು. ಮತ್ತೆ ಮಾಡಿದಳು, ಎಂಗೇಜು.

ಅವಳ ಕಣ್ಣಿಗೆ ಪಾಲಾಕ್ಷ ಕಾಣುತ್ತಿದ್ದ. ಮೂರನೇ ಸೆಟ್ಟು ಹಾಕಲು ಹೋದಾಗ ಏಣಿ ಹಿಡಿದುಕೊಂಡಿದ್ದ ಪಂಪ್ ಮೆಕ್ಯಾನಿಕ್ಕು, ಕುಳ್ಳು ಮನುಷ್ಯ. ಕಪ್ಲಿಂಗು ಎಂದರೆ ಮೋಟರನ್ನೂ ಪಂಪನ್ನೂ ಸೇರಿಸುವ ಜಾಗ. ಬಿಚ್ಚಬೇಕಾದರೆ ಎರಡೂ ಕೈ ಅದರ ನಡುವೆ ಇರಬೇಕು. ಮೋಟರು ತಿರುಗಿದರೆ ಕೈ ತೆಗೆಯುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ.

"ಅಣ್ಣ, ನೀವು ಇಲ್ಲೇ ಕೂತು ಫೋನು ಮಾಡ್ತಾನೇ ಇರಿ. ಯಾರೇ ಎತ್ತಿದ್ರೂ ಬಾವಿಗೆ ಇಳೀಬೇಡಿ, ಫ್ಯೂಜು ಕೀಳಿ, ಅಷ್ಟೇ ಹೇಳಿ."

"ನೀನು?"

"ನಾನು ಹೋಗ್ತೀನಿ."

ಎರಡು ಗಂಟೆಗೆ ಚನ್ನರಾಯಪಟ್ಟಣದ ಬಸ್ಸು ಸಿಕ್ಕಿತು. ಸಿಕ್ಕಿದ್ದೇ ಪುಣ್ಯ ಎನ್ನುವಷ್ಟರಲ್ಲಿ ಅದು ಪ್ರತಿ ಗೇಟಿನಲ್ಲೂ ನಿಂತಿತು, ಹತ್ತುವವರು ಇರಲಿ ಬಿಡಲಿ. ಒಂದು ಕಡೆ ಮೂಟೆ ಇಳಿಸುವವನು ಮೇಲೆ ಹತ್ತಿ ಬೀಡಿ ಹಚ್ಚಿದ. ಚೂಡಾಮಣಿ ಎದ್ದು ನಿಂತು ಕೂತು ಎದ್ದಳು.

"ಅಮ್ಮಾ, ನೀವು ನಿಂತ್ಕೊಂಡ್ರೆ ಬಸ್ಸು ಬ್ಯಾಗ ಓಡಲ್ಲ," ಎಂದ ಕಂಡಕ್ಟರು.

"ಮೂರೂವರೆ ಒಳಗೆ ಹೋಗತ್ತಾ?"

"ಹೋದ್ರೆ ಹೋಯ್ತು. ಯಾಕೆ, ಹೆಣ್ಣು ನೋಡಕ್ಕೆ ಬಂದವ್ರಾ?"

ಹಿಂದಿನ ಸೀಟಿನವರು ನಕ್ಕರು. ಅವಳ ಮುಖ ನೋಡಿ ಕಂಡಕ್ಟರು ನಗು ನಿಲ್ಲಿಸಿ, ಮುಂದೆ ಹೋಗಿ ಡ್ರೈವರಿನ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಎರಡು ಗೇಟು ಬಸ್ಸು ನಿಲ್ಲಲಿಲ್ಲ.

ಕಿಟಕಿಯ ಸರಳಿಗೆ ಹಣೆ ಕೊಟ್ಟು ಕೂತಳು. ಏನೂ ಕೀಳೋದು ಬೇಡ. ತನ್ನದೇ ದನಿ, ಮಂಗಳವಾರದ್ದು, ನಗುನಗುತ್ತ ಹೇಳಿದ್ದು, ಎಂಜಿನ್ನಿನ ಗುಂಯ್‌ಗುಟ್ಟುವಿಕೆಯ ಒಳಗಿನಿಂದ ಕೇಳುತ್ತಿತ್ತು. ಆ ಮನುಷ್ಯ ಫೋನು ಮಾಡಿ ಕೇಳಿದ್ದರು. ಕೇಳದೆ ಇದ್ದಿದ್ದರೆ ಹಳೇ ರೂಢಿಯಂತೆ ಕೀಳಿಸುತ್ತಿದ್ದರು.

ಚನ್ನರಾಯಪಟ್ಟಣ ತಲುಪಿದಾಗ ಮೂರು ಇಪ್ಪತ್ತು. ಬೆಳಗೊಳದ ಯಾತ್ರಿಕರನ್ನು ತುಂಬಿಕೊಳ್ಳುತ್ತಿದ್ದ ಟೆಂಪೊ ಒಂದು ಹೊರಡುವ ಹಾಗೆ ಕೂಗುತ್ತ ಹೊರಡದೆ ನಿಂತಿತ್ತು. ಉತ್ತರ ಭಾರತದ ಕಡೆಯ ಬಿಳಿಸೀರೆಯ ಅಜ್ಜಿಯೊಬ್ಬರು ಸರಿದು ಜಾಗ ಕೊಟ್ಟು, ಇವಳ ಮೊಣಕಾಲಿನ ಮೇಲೆ ತಮ್ಮ ಕೈ ಇಟ್ಟರು, ಕನ್ನಡ ಬರದಿದ್ದರೂ. ತೋಟದ ಗೇಟಿನಲ್ಲಿ ಇಳಿದಾಗ ನಾಲ್ಕಕ್ಕೆ ಹನ್ನೊಂದು ನಿಮಿಷ. ಅಲ್ಲಿಂದ ಕಾಲುದಾರಿ. ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು. ತೆಂಗಿನ ಗರಿ ಕಾಲಿಗೆ ಸಿಕ್ಕಿ ಒಮ್ಮೆ ಬಿದ್ದಳು, ಎದ್ದಳು.

ಮೊದಲು ಕೇಳಿಸಿದ್ದು ಸ್ಪ್ಯಾನರಿನ ಸದ್ದು. ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ನೆಲದ ಮೇಲಿನದ್ದಲ್ಲ, ಆಳದಿಂದ ಗೋಡೆಗೆ ಬಡಿದು ಮೇಲೆ ಬರುವಂಥದ್ದು. ಇನ್ನೂ ಒಳಗಿದ್ದಾನೆ.

ಬಾವಿಯ ಕಟ್ಟೆಯ ಮೇಲೆ ಈಶ್ವರಯ್ಯ ಕಾಲು ಇಳಿಬಿಟ್ಟು ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಬಿಳಿ ಅಂಗಿಯ ಜೇಬಿನಲ್ಲಿ ಮೂರನೇ ನಂಬರಿನ ರಿಮೋಟು ತಲೆ ಹೊರಗಿಟ್ಟಿತ್ತು.

"ಅರೆ, ಮೇಷ್ಟ್ರ ಮಗಳು. ಏನವ್ವ ಹಿಂಗೆ ಓಡ್ಬಂದ್ಬುಟ್ಟೆ, ನಾಯಿ ಅಟ್ಟಿಸ್ಕೊಂಡು ಬಂತಾ?"

ಉತ್ತರ ಕೊಡಲು ಉಸಿರಿರಲಿಲ್ಲ. ಅವರನ್ನು ದಾಟಿ ಶೆಡ್ಡಿನೊಳಗೆ ನುಗ್ಗಿದಳು. ಗೋಡೆಯ ಹಲಗೆಯಲ್ಲಿ ಮೂರು ಬಿಳಿ ಫ್ಯೂಜುಗಳು, ಕೆಳಗೆ ಸ್ಟಾರ್ಟರು, ಪಕ್ಕದಲ್ಲಿ ತಾನೇ ಕೂರಿಸಿದ ಡಬ್ಬ. ಅದಕ್ಕೆ ಕರೆಂಟು ಶೆಡ್ಡಿನ ಬಲ್ಬಿನ ಲೈನಿನಿಂದ. ಬಲ್ಬು ಮಬ್ಬಾಗಿ ಉರಿಯುತ್ತಿತ್ತು, ಮೋಟರಿಗೆ ಬೇಕಾದ ತ್ರೀ ಫೇಸ್ ಬರುವ ಮುಂಚೆ ಉರಿಯುವ ಹಾಗೆ. ಮೊದಲನೇ ಫ್ಯೂಜು ಎಳೆದಳು, ಬಂತು. ಎರಡನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೆವರಿದ ಬೆರಳು ಜಾರಿತು. ಸೆರಗು ಸುತ್ತಿ ಎಳೆದಳು, ಜಾರಿತು. ಕಾಲನ್ನು ಗೋಡೆಗೆ ಒತ್ತಿ ಎರಡೂ ಕೈಯಲ್ಲಿ ಎಳೆದಳು, ಕಿತ್ತು ಬಂತು, ಹಿಂದಕ್ಕೆ ಬಿದ್ದಳು.

ಬಲ್ಬು ಒಮ್ಮೆಲೇ ಬೆಳ್ಳಗಾಯಿತು.

ನೆಲದಿಂದ ಎದ್ದು ಮೂರನೆಯದಕ್ಕೆ ಕೈ ಹಾಕಿದಳು. ಅದು ಬೆಣ್ಣೆಯಂತೆ ಬಂತು. ಅದಿನ್ನೂ ಅಂಗೈಯಲ್ಲಿರುವಾಗಲೇ ಪಕ್ಕದ ಡಬ್ಬದೊಳಗೆ ಟಕ್ ಎಂದಿತು, ಕೆಂಪು ದೀಪ ಹತ್ತಿತು. ಬದುವಿನ ಆಚೆ ಬೋರಿನ ಮೋಟರು ಗುಂಯ್ ಎಂದು ಎದ್ದು, ಪೈಪಿನಿಂದ ನೀರು ತೊಟ್ಟಿಗೆ ಧುಮುಕಿದ ಸದ್ದು ಬಂತು.

ಈ ಕಡೆ ಸ್ಟಾರ್ಟರು ಸುಮ್ಮನಿತ್ತು. ಬಾವಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತ್ತು. ಚೂಡಾಮಣಿ ಅಲುಗಾಡಲಿಲ್ಲ. ಒಂದು, ಎರಡು, ಮೂರು ಎಂದು ತಾಳ ಹಾಕಿದ ಹಾಗೆ ಎಣಿಸಿದಳು. ಆಮೇಲೆ ಮತ್ತೆ ಕಬ್ಬಿಣಕ್ಕೆ ಕಬ್ಬಿಣ ತಾಗಿತು.

"ಏನವ್ವ ಅದು, ಫ್ಯೂಜು ಕೀಳ್ಬ್ಯಾಡಿ ಅಂದವ್ಳು ನೀನೇ, ಕೀಳವ್ಳೂ ನೀನೇ," ಎನ್ನುತ್ತ ಈಶ್ವರಯ್ಯ ಬಾಗಿಲಿಗೆ ಬಂದರು. ಅವಳು ಡಬ್ಬದ ಕೆಂಪು ದೀಪ ತೋರಿಸಿದಳು. ಅವರು ನೋಡಿದರು. ಜೇಬಿಗೆ ಕೈ ಹಾಕಿ ರಿಮೋಟು ತೆಗೆದು ಅದನ್ನೂ ನೋಡಿದರು. ಮತ್ತೆ ದೀಪ ನೋಡಿದರು.

"ನಾನು ಒತ್ತಿಲ್ಲ ಕಣವ್ವ."

"ಗೊತ್ತು. ಒತ್ತಿದ್ದು ರಜನೀಶ್. ಅವರ ಕೈಯಲ್ಲಿರೋದು ಐದನೇ ನಂಬರು. ಎರಡೂ ಒಂದೇ. ತಪ್ಪು ನನ್ನದು."

ಈಶ್ವರಯ್ಯ ಬಾಯಲ್ಲಿದ್ದ ಎಲೆಯನ್ನು ಉಗುಳಿ, ಬಾವಿಯ ಹತ್ತಿರ ಹೋಗಿ ಬಗ್ಗಿದರು. ಅವರ ದನಿ ಸಣ್ಣದಾಗಿತ್ತು. "ಪಾಲಾಕ್ಷ, ಮ್ಯಾಕೆ ಬಾರ್ಲಾ."

"ಇನ್ನೊಂದೇ ನಟ್ಟು ಸಾ."

"ನಟ್ಟು ಹಾಳಾಗೋಗ್ಲಿ, ಬಾ ಅಂದ್ರೆ ಬಾರ್ಲಾ."

ಪಾಲಾಕ್ಷ ಏಣಿ ಹತ್ತಿ ಮೇಲೆ ಬಂದ. ಮೊಣಕೈವರೆಗೂ ಗ್ರೀಸು. ಚೂಡಾಮಣಿ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಎಣಿಸಿದಳು.

"ನಾನು ಕೇಳ್ದೆ ಅಕ್ಕಾರೆ," ಎಂದ ಅವನು, ವಿಷಯ ತಿಳಿದ ಮೇಲೆ, ಕೈಯನ್ನು ಲುಂಗಿಗೆ ಒರೆಸುತ್ತ. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. "ಫ್ಯೂಜು ಕೊಡಿ ಸೊಂಟಕ್ಕೆ ಕಟ್ಕೊತೀನಿ ಅಂತ. ಯಜಮಾನ್ರು ನಕ್ಬುಟ್ರು. ಕಂಪ್ಯೂಟರ್ ಕಾಲ ಕಣ್ಲಾ ಅಂದ್ರು."

ಅಷ್ಟರಲ್ಲಿ ಬದುವಿನ ಮೇಲೆ ರಜನೀಶ್ ಕಾಣಿಸಿಕೊಂಡ. ಕೂಲಿಂಗ್ ಗ್ಲಾಸು, ಕೈಯಲ್ಲಿ ಐದನೇ ನಂಬರು. "ಓಹೋ ಮೇಡಂ, ಇಲ್ಲೇ ಇದ್ದೀರಾ. ಬೊಂಬಾಟಾಗಿದೆ ನಿಮ್ಮ ರಿಮೋಟು. ದೊಡ್ಡಪ್ಪ, ನೋಡ್ತಿರಿ ಇಲ್ಲಿಂದ್ಲೇ ಆಫ್ ಮಾಡ್ತೀನಿ."

ಒತ್ತಿದ. ಬೋರಿನ ನೀರು ನಿಂತಿತು. ಶೆಡ್ಡಿನೊಳಗೆ ಟಕ್ ಎಂದು ಕೆಂಪು ದೀಪ ಆರಿತು. ಪ್ರೇಮಕುಮಾರಿ ಬುತ್ತಿಯ ಪಾತ್ರೆ ತೊಳೆಯುತ್ತಿದ್ದವಳು ಪಾತ್ರೆ ಬಿಟ್ಟು ಎದ್ದು ನಿಂತಳು. "ಅದನ್ನ ಅವ್ರ ಕೈಗೆ ಕೊಟ್ಬುಡಿ," ಎಂದಳು ರಜನೀಶನಿಗೆ. ಚೂಡಾಮಣಿ ಎರಡೂ ತೋಟದ ಡಬ್ಬಗಳನ್ನು ಬಿಚ್ಚಿ, ಎರಡು ರಿಮೋಟುಗಳ ಜೊತೆ ಬ್ಯಾಗಿಗೆ ಹಾಕಿಕೊಂಡಳು.

ಏಳು ಗಂಟೆಗೆ ಹೊಳೆನರಸೀಪುರಕ್ಕೆ ವಾಪಸ್ಸು ಬಂದಾಗ ಪಟ್ಟಾಭಿರಾಮ ಫೋನಿನ ಮುಂದೆ ಸ್ಟೂಲಿನ ಮೇಲೇ ಇದ್ದರು. ನಂಬರು ತಿರುಗಿಸಿದ ತೋರುಬೆರಳು ಊದಿತ್ತು.

"ಐದೂವರೆಗೆ ಎತ್ತಿದ್ರು ಕಣೆ. ಅವರ ಸೊಸೆ, ಆ ಹೆಣ್ಣುಮಗು. ನಾನು ಇಳೀಬೇಡಿ ಇಳೀಬೇಡಿ ಅಂದೆ. ಅದು, ಅಜ್ಜ, ಎಲ್ಲಾ ಹತ್ತಿದ್ದಾಯ್ತು ಅಂತು. ಹತ್ತು ಬೆರಳೂ ಅವೆ ಅಂತು." ಬೆರಳು ಸವರಿಕೊಳ್ಳುತ್ತ, "ಆಮೇಲೂ ನನಗೆ ರಿಸೀವರ್ ಇಡಕ್ಕೆ ಧೈರ್ಯ ಬರಲಿಲ್ಲ," ಎಂದರು.

ಚೂಡಾಮಣಿ ಬ್ಯಾಗು ಕೆಳಗಿಟ್ಟಳು. ಒಳಗೆ ಏನೋ ಕಣಕಣ ಎಂದಿತು. ಈಶ್ವರಯ್ಯನವರ ಮೂರು ಫ್ಯೂಜುಗಳೂ ಅವಳ ಜೊತೆಯಲ್ಲೇ ಬಂದುಬಿಟ್ಟಿದ್ದವು.

ಶನಿವಾರ ಅವಳು ಅಂಗಡಿ ತೆರೆಯಲಿಲ್ಲ. ಅರಕಲಗೂಡು, ಗೊರೂರು ಸುತ್ತಿ, ಊರಿನದ್ದನ್ನೂ ಸೇರಿಸಿ ಎಲ್ಲಾ ಸೆಟ್ಟು ಬಿಚ್ಚಿ ತಂದಳು. ಎಂಟು ಕಾಲುಗಳಿಗೆ ಒಂದೊಂದು ಸೆಟ್ಟಿಗೂ ಒಂದೊಂದು ಥರ ಬೆಸುಗೆ ಹಾಕಿದಳು. ಅಪ್ಪ ಪಕ್ಕದಲ್ಲಿ ಕೂತು ಯಾವುದಕ್ಕೆ ಯಾವ ನಂಬರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹೊಸ ಸೆಲ್ಲು ಹಾಕಿ ಪ್ರತಿಯೊಂದನ್ನೂ ಉಳಿದೆಲ್ಲದರ ಎದುರು ಒತ್ತಿ ನೋಡಿದರು. ಹರಳಿನ ಪಕ್ಕದ ಡಯೋಡುಗಳನ್ನು ಅವಳು ಒಂದೊಂದಾಗಿ ಕಿತ್ತು ತೆಗೆದಳು, ಅಪ್ಪ ತಂಬೂರಿಯ ಮಾತೆತ್ತಲಿಲ್ಲ.

ಭಾನುವಾರ ಬೆಳಗ್ಗೆ ಈಶ್ವರಯ್ಯ ತಾವೇ ಬಂದರು. ಕಪ್ಲಿಂಗು ಸರಿಹೋದ ಮೇಲೂ ಫ್ಯೂಜಿಲ್ಲದೆ ಎರಡು ದಿನದಿಂದ ಪಂಪು ನಿಂತೇ ಇತ್ತು.

"ಫೋನು ಮಾಡಿದ್ರೆ ನಾನೇ ತಂದು ಕೊಡ್ತಿದ್ದೆ ಈಶ್ವರಯ್ಯನೋರೆ."

"ಮಾಡ್ಬೋದಿತ್ತು. ಅಂಗಡೀಲಿ ಹೊಸವು ಸಿಗ್ತಿದ್ವು, ಅವ್ನೂ ಹಾಕ್ಬೋದಿತ್ತು." ಅವರು ಬೆಂಚಿನ ಮೇಲೆ ಕೂತರು. "ಕೈ ಬರ್ನಿಲ್ಲ ಕಣವ್ವ. ಪಾಲಾಕ್ಷನಿಗೆ ಎರಡು ಹೆಣ್ಣುಮಕ್ಳು. ರಾತ್ರಿಯೆಲ್ಲ ಅದೇ."

ಚೂಡಾಮಣಿ ಮೂರನೇ ನಂಬರಿನ ಸೆಟ್ಟನ್ನು ಮುಂದಿಟ್ಟಳು. "ಈಗ ಬೇರೆ ಯಾರು ಒತ್ತಿದ್ರೂ ಆಗಲ್ಲ. ಬೇಡ ಅಂದ್ರೆ ವಾಪಸ್ ತಗೋತೀನಿ."

ಈಶ್ವರಯ್ಯ ರಿಮೋಟನ್ನು ಕೈಯಲ್ಲಿ ಹಿಡಿದು ತೂಗಿದರು. "ಇದು ಜೇಬಲ್ಲಿದ್ರೆ ಮೋಟರು ಜೇಬಲ್ಲಿದ್ದಂಗಾ?"

"ಇಲ್ಲ," ಎಂದಳು. ಮೂರು ಫ್ಯೂಜುಗಳನ್ನು ತಂದು ಅವರ ಅಂಗೈಯಲ್ಲಿಟ್ಟಳು. "ಇವು ಸೊಂಟದಲ್ಲಿದ್ರೆ ಮಾತ್ರ."

ಅವರು ಟವಲಿನಲ್ಲಿ ಫ್ಯೂಜು ಸುತ್ತಿ ಸೊಂಟಕ್ಕೆ ಬಿಗಿದುಕೊಂಡರು, ಬಸ್ಸಿನಲ್ಲಿ ಹೋಗುವವರಾದರೂ ಬಾವಿಗೆ ಇಳಿಯುವವರ ಹಾಗೆ. ಸೆಟ್ಟನ್ನೂ ಒಯ್ದರು.

ಆಮೇಲೂ ಚೂಡಾಮಣಿ ರಿಮೋಟು ಮಾಡಿದಳು, ಮೂವತ್ತಕ್ಕೂ ಹೆಚ್ಚು. ಪ್ರತಿ ಡಬ್ಬದ ಮುಚ್ಚಳದ ಮೇಲೂ ಬಣ್ಣದಲ್ಲಿ ಒಂದು ಸಾಲು ಬರೆಸಿದಳು: ಬಾವಿಗೆ ಇಳಿಯುವ ಮುನ್ನ ಮೂರೂ ಫ್ಯೂಜು ಕಿತ್ತು ನಿಮ್ಮ ಸೊಂಟಕ್ಕೇ ಕಟ್ಟಿಕೊಳ್ಳಿ. ಐದನೇ ನಂಬರನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದರ ಸೆಲ್ಲು ತೆಗೆದು ರಿಮೋಟನ್ನೂ ಡಬ್ಬವನ್ನೂ ಮೇಜಿನ ಒಳಗಿನ ಡ್ರಾದಲ್ಲಿಟ್ಟಳು.

ಈಗಲೂ ಕೆಲವು ಮಧ್ಯಾಹ್ನ ಅಂಗಡಿಯ ಬಲ್ಬು ಮಬ್ಬಾಗಿದ್ದದ್ದು ಒಮ್ಮೆಲೇ ಬೆಳ್ಳಗಾಗುತ್ತದೆ. ಆಗ ಬೆಸುಗೆ ಹಾಕುತ್ತಿದ್ದ ಅವಳ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಉಸಿರು ಹಿಡಿದು ಕಾಯುತ್ತಾಳೆ, ಡ್ರಾದ ಕಡೆ ಕಿವಿ ಕೊಟ್ಟು, ಬರದೆ ಇರುವ ಒಂದು ಸಣ್ಣ ಸದ್ದಿಗಾಗಿ.